ಕ್ಲಚ್ ಕೇಬಲ್ ಕರಗಿದರೆ ಅರ್ಥಿಂಗ್ ನೋಡಿ: ಗ್ಯಾರೇಜ್ ಕೆಲಸ ಕಲಿಸಿದ ಪಾಠಗಳು

ಕ್ಲಚ್ ಗಟ್ಟಿಯಾಗಿದೆ ಅಂತ ಬಂದ ಗಾಡಿಗೆ ಹೊಸ ಕೇಬಲ್ ಹಾಕಿ ಕಳಿಸಿರುತ್ತಾರೆ. ಎರಡು ತಿಂಗಳಿಗೆ ಅದೇ ಗಾಡಿ ಅದೇ ದೂರು ಹೊತ್ತು ವಾಪಸ್ ಬರುತ್ತದೆ. ಕೇಬಲ್ ಬಿಚ್ಚಿದರೆ ಹೊರಗಿನ ಕಪ್ಪು ಹೊದಿಕೆ ಅಲ್ಲಲ್ಲಿ ಗುಳ್ಳೆ ಎದ್ದಿದೆ, ಒಳಗಿನ ಪ್ಲಾಸ್ಟಿಕ್ ನಳಿಗೆ ಕರಗಿ ತಂತಿಗೆ ಅಂಟಿಕೊಂಡಿದೆ. ಡೂಪ್ಲಿಕೇಟ್ ಮಾಲು ಅಂತ ಅಂಗಡಿಯವರ ಮೇಲೆ ಹಾಕಿ ಮೂರನೇ ಕೇಬಲ್ ತರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸೈಲೆನ್ಸರ್ ಪೈಪಿಗೆ ತಾಗದ ಕೇಬಲಿಗೆ ಇಷ್ಟು ಶಾಖ ಎಲ್ಲಿಂದ ಬಂತು?

ಕರೆಂಟಿನಿಂದ ಬಂತು. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಬ್ಯಾಟರಿ ನೆಗೆಟಿವ್, ಬಾಡಿ, ಎಂಜಿನ್ ಮೂರನ್ನೂ ಸೇರಿಸುವ ದಪ್ಪ ಅರ್ಥಿಂಗ್ ವೈರ್ ಕೊಟ್ಟಿರುತ್ತಾರೆ. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರಿನಲ್ಲೂ ನೂರು ನೂರೈವತ್ತು ಆಂಪ್ ಹರಿಯುತ್ತದೆ, ಅಷ್ಟೂ ಈ ವೈರಿನಲ್ಲೇ ಬ್ಯಾಟರಿಗೆ ಮರಳಬೇಕು. ಅದರ ಬೋಲ್ಟ್ ಸಡಿಲವಾದರೆ, ತುಕ್ಕು ಹಿಡಿದರೆ, ಯಾರೋ ಹಾಕುವುದನ್ನೇ ಮರೆತರೆ, ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಗೇರ್ ಬಾಕ್ಸಿಗೆ ಕಚ್ಚಿಕೊಂಡ ಉಕ್ಕಿನ ಕ್ಲಚ್ ಕೇಬಲ್ ಅಲ್ಲೇ ಇರುತ್ತದಲ್ಲ. ಗೇರ್ ಕೇಬಲ್, ಆಕ್ಸಿಲರೇಟರ್ ಕೇಬಲಿಗೂ ಇದೇ ಗತಿ.

ಇದು ಹೆಚ್ಚಾಗಿ ಯಾವಾಗ ಕಾಣಿಸುತ್ತದೆ ಗೊತ್ತೇ? ಕ್ಲಚ್ ಪ್ಲೇಟ್ ಬದಲಾಯಿಸಿದ ಮೇಲೆ. ಗೇರ್ ಬಾಕ್ಸ್ ಇಳಿಸುವಾಗ ಅರ್ಥಿಂಗ್ ಬೋಲ್ಟ್ ಬಿಚ್ಚಿರುತ್ತಾರೆ. ಏರಿಸುವಾಗ ಅದು ಪೇಂಟ್ ಮೇಲೋ, ಮಣ್ಣು ಮೆತ್ತಿದ ಜಾಗದ ಮೇಲೋ ಕೂತುಬಿಡುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಕೇಬಲ್ ಮಾತ್ರ ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಒಂದಿಷ್ಟು ಬಿಸಿಯಾಗುತ್ತಾ ಹೋಗುತ್ತದೆ.

ಇಲ್ಲಿ ಮಲ್ಟಿಮೀಟರಿನ ಬೀಪ್ ಶಬ್ದ ನಂಬಿ ಕೆಡುವವರು ಬಹಳ. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಏಕೆಂದರೆ ಮೀಟರ್ ಹರಿಸುವುದು ಮಿಲಿಆಂಪ್ ಲೆಕ್ಕದ ಕರೆಂಟು. ಒಂದು ಓಮಿನ ನೂರನೇ ಒಂದು ಭಾಗದ ರೆಸಿಸ್ಟೆನ್ಸನ್ನು ನಮ್ಮ ಸಾದಾ ಮೀಟರ್ ತೋರಿಸುವುದೇ ಇಲ್ಲ. ಆದರೆ 150 ಆಂಪ್ ಹರಿದಾಗ ಅಷ್ಟೇ ರೆಸಿಸ್ಟೆನ್ಸಿನಲ್ಲಿ 1.5 ವೋಲ್ಟ್ ಬಿದ್ದುಹೋಗುತ್ತದೆ, ಆ ಒಂದು ಬೋಲ್ಟಿನ ಜಾಗದಲ್ಲಿ 225 ವಾಟ್ ಶಾಖ ಹುಟ್ಟುತ್ತದೆ. ಹಾಗಾಗಿ ಲೋಡ್ ಇರುವಾಗಲೇ ಅಳೆಯಬೇಕು.

ಅಳೆಯುವ ಕ್ರಮ ಹೀಗೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಎಂಜಿನ್ ತಿರುಗಬೇಕು, ಸ್ಟಾರ್ಟ್ ಆಗಬಾರದು. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ಪ್ರೋಬ್ ಎಂಜಿನ್ ಬ್ಲಾಕಿನ ಶುಭ್ರ ಲೋಹದ ಮೇಲೆ, ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ. ಕಂಬವನ್ನು ಕಚ್ಚಿ ಹಿಡಿದ ವೈರಿನ ಕ್ಲಾಂಪ್ ಮೇಲಲ್ಲ, ಕಂಬದ ಮೇಲೇ. ಜೊತೆಯವರಿಗೆ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ದೋಷ ಖಚಿತ. ಆಮೇಲೆ ತುಂಡು ತುಂಡಾಗಿ ಅಳೆಯಿರಿ: ಬ್ಲಾಕಿನಿಂದ ಬಾಡಿಗೆ, ಬಾಡಿಯಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕಂಬಕ್ಕೆ. ಎಲ್ಲಿ ವೋಲ್ಟ್ ಕಾಣಿಸಿತೋ ಅಲ್ಲೇ ಕಾಯಿಲೆ. ಪಾಸಿಟಿವ್ ಕಡೆಯೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಅರ್ಧ ವೋಲ್ಟ್ ಮೀರಬಾರದು.

ಸರಿಪಡಿಸಲು ದುಬಾರಿ ಸಾಮಾನು ಬೇಡ. ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಿಂದ ಲಗ್ (ವೈರಿನ ತುದಿಯ ಲೋಹದ ಉಂಗುರ) ಮತ್ತು ಬಾಡಿ ಎರಡನ್ನೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಬಿಗಿ ಮಾಡಿದ ಮೇಲೆ, ಮೊದಲಲ್ಲ. ವೈರ್ ಬದಲಾಯಿಸಬೇಕಾದರೆ ಹಳೆಯದಕ್ಕಿಂತ ತೆಳುವಾದದ್ದು ಬೇಡ. ಕರಗಿದ ಕೇಬಲಿಗೆ ಎಣ್ಣೆ ಬಿಟ್ಟು ಉಪಯೋಗವಿಲ್ಲ, ನಳಿಗೆ ಹೋದ ಮೇಲೆ ಹೋಯಿತು. ಹೊಸ ಕೇಬಲ್ ಹಾಕಿ, ಆದರೆ ಅರ್ಥಿಂಗ್ ಅಳೆದು ಸರಿಯಾದ ಮೇಲೆ.

ಕ್ಲಚ್ಚಿಗೂ ಎಲೆಕ್ಟ್ರಿಕಲ್‌ಗೂ ಇನ್ನೊಂದು ನಂಟಿದೆ. ಈಗಿನ ಎಷ್ಟೋ ಕಾರುಗಳಲ್ಲಿ ಕ್ಲಚ್ ತುಳಿಯದೆ ಸೆಲ್ಫ್ ಹೊಡೆಯುವುದಿಲ್ಲ. ಪೆಡಲಿನ ಮೇಲ್ತುದಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಅದರ ರಬ್ಬರ್ ಸ್ಟಾಪರ್ ಪುಡಿಯಾಗಿ ಕಾಲಡಿಯ ಮ್ಯಾಟ್ ಮೇಲೆ ಬಿದ್ದಿದ್ದರೆ, ಇಲ್ಲವೇ ದಪ್ಪ ಮ್ಯಾಟ್ ಪೆಡಲಿಗೆ ಅಡ್ಡ ಬಂದಿದ್ದರೆ ಸ್ವಿಚ್ ಒತ್ತುವುದಿಲ್ಲ. ಸೆಲ್ಫ್ ಮೋಟಾರ್ ಬಿಚ್ಚುವ ಮೊದಲು ಮ್ಯಾಟ್ ಎತ್ತಿ ನೋಡಿ, ಸ್ವಿಚ್ಚಿಗೆ ಮೀಟರ್ ಹಿಡಿಯಿರಿ.

ಬ್ಯಾಟರಿ ರಾತ್ರಿ ಇಳಿಯುತ್ತದೆ ಎಂಬ ದೂರಿಗೆ ಮೊದಲು ಬ್ಯಾಟರಿಯನ್ನೇ ನೋಡಬೇಕು. ಕೆಲವು ಗಂಟೆ ಸುಮ್ಮನೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್, 12.4ರ ಹತ್ತಿರ ಮುಕ್ಕಾಲು, 12ಕ್ಕೆ ಬಂದರೆ ಹೆಚ್ಚುಕಮ್ಮಿ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಕಂಪ್ಯೂಟರ್ ಹಿಡಿತದ ಆಲ್ಟರ್ನೇಟರ್ ಇರುವ ಕಾರುಗಳಲ್ಲಿ ಇದು ಏರಿಳಿಯುತ್ತದೆ. ಅಂಥದ್ದರಲ್ಲಿ ಹೆಡ್‌ಲೈಟ್, ಏಸಿ ಬ್ಲೋವರ್ ಹಾಕಿಯೇ ಅಳೆಯಿರಿ.

ಎರಡೂ ಸರಿಯಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಮಲಗಿದ ಕಾರು 50 ಮಿಲಿಆಂಪ್ ಒಳಗೆ ಎಳೆದರೆ ತೊಂದರೆ ಇಲ್ಲ. 35 ಎಎಚ್ (ಆಂಪ್-ಅವರ್) ಬ್ಯಾಟರಿಯಿಂದ ಅರ್ಧ ಆಂಪ್ ಸೋರಿದರೆ 70 ಗಂಟೆಗೆ ಪೂರ್ತಿ ಬರಿದು. ಶುಕ್ರವಾರ ರಾತ್ರಿ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗದಿರುವುದಕ್ಕೆ ಇಷ್ಟು ಸಾಕು. ಮೀಟರನ್ನು 10 ಆಂಪ್ ಸಾಕೆಟ್ಟಿನಲ್ಲಿ ನೆಗೆಟಿವ್ ವೈರಿಗೆ ಸರಣಿಯಾಗಿ ಸೇರಿಸಿ. ಹಾಗೆ ಸೇರಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ರಿಮೋಟ್ ಕೀಯನ್ನು ದೂರ ಇಟ್ಟು, ಅರ್ಧ ಗಂಟೆಯಾದರೂ ಕಾಯಿರಿ. ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗುವುದಕ್ಕೆ ಅಷ್ಟು ಹೊತ್ತು ಬೇಕು. ಆಮೇಲೆ ಫ್ಯೂಸುಗಳನ್ನು ಕೀಳುತ್ತಾ ಹೋಗಬೇಡಿ. ಫ್ಯೂಸ್ ಕಿತ್ತು ಹಾಕಿದಾಗ ಮಲಗಿದ್ದೆಲ್ಲ ಮತ್ತೆ ಎದ್ದು ಕೂರುತ್ತದೆ, ಕಾದ ಅರ್ಧ ಗಂಟೆ ದಂಡ. ಫ್ಯೂಸಿನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಇನ್ನೊಂದು ಮೀಟರಿನ ಪ್ರೋಬ್ ಮುಟ್ಟಿಸಿ ಮಿಲಿವೋಲ್ಟ್ ಓದಿ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಕರೆಂಟಿಲ್ಲ. 10 ಆಂಪಿನ ಮಿನಿ ಫ್ಯೂಸಿನಲ್ಲಿ ಒಂದು ಮಿಲಿವೋಲ್ಟ್ ಕಂಡರೆ ಸುಮಾರು 100ರಿಂದ 130 ಮಿಲಿಆಂಪ್ ಹೋಗುತ್ತಿದೆ. ಸಿಕ್ಕಿಬೀಳುವುದು ಹೆಚ್ಚಾಗಿ ಆಮೇಲೆ ಕೂರಿಸಿದ ಮ್ಯೂಸಿಕ್ ಸಿಸ್ಟಂ, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಅದು ಬಿಟ್ಟರೆ ಡಿಕ್ಕಿಯೊಳಗಿನ ಆರದ ಲೈಟು.

ಹೆಡ್‌ಲೈಟ್ ಬಲ್ಬಿನ ಬಗ್ಗೆ ಒಂದು ಮಾತು. 60/55 ವಾಟಿನ ಬಲ್ಬ್ ತೆಗೆದು 100/90 ಹಾಕಿಸಿಕೊಂಡರೆ ಹೈ ಬೀಮಿನಲ್ಲಿ ಎರಡು ಬಲ್ಬಿಗೆ 10 ಆಂಪ್ ಇದ್ದದ್ದು ಸುಮಾರು 17 ಆಂಪ್ ಆಗುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇಲ್ಲದ ಹಳೆಯ ಗಾಡಿಗಳಲ್ಲಿ ಅಷ್ಟೂ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ ಹೋಗಬೇಕು. ಸ್ವಿಚ್ ಕರಗುತ್ತದೆ. ಫ್ಯೂಸ್ ಹೋಯಿತೆಂದು ನೀಲಿ 15 ಆಂಪಿನ ಜಾಗದಲ್ಲಿ ಹಸಿರು 30 ಆಂಪಿನದು ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಇದರಲ್ಲಿ ರಿಯಾಯಿತಿ ಕೊಡಬಾರದು, ಗಿರಾಕಿ ಬೇಜಾರಾದರೂ ಸರಿ.

ಈಗ ಕ್ಲಚ್ಚಿನ ಕೆಲಸಕ್ಕೆ ಬರೋಣ. ಮೊದಲು ಜಾರುತ್ತಿದೆಯೋ, ಬಿಡುತ್ತಿಲ್ಲವೋ ಅನ್ನುವುದನ್ನು ಬೇರೆ ಮಾಡಿ. ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಜಾರುತ್ತಿದೆ. ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಕಾದು ರಿವರ್ಸ್ ಹಾಕಿದಾಗಲೂ ಕರಕರ ಅಂದರೆ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಒತ್ತಿದಾಗ ಮಾತ್ರ ಶಬ್ದ ಬಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಶಬ್ದ ಇದ್ದು ಒತ್ತಿದೊಡನೆ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಎರಡನೆಯದಕ್ಕೆ ಕ್ಲಚ್ ಸೆಟ್ ಬದಲಾಯಿಸಿದರೆ ದುಡ್ಡು ಹೋಗುತ್ತದೆ, ಶಬ್ದ ಹೋಗುವುದಿಲ್ಲ. ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್ ಬುಡದಲ್ಲಿ ಬೆರಳಾಡಿಸಿ ನೋಡಿ, ಒದ್ದೆಯಿದ್ದರೆ ಸೀಲ್ ಹೋಗಿದೆ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನೊಳಗೆ ಬೇರಿಂಗಿನ ಜೊತೆಗೇ ಇರುತ್ತದೆ. ಅದನ್ನು ಕ್ಲಚ್ ಸೆಟ್ ಜೊತೆಗೇ ಬದಲಾಯಿಸಿಬಿಡಿ, ಅದೊಂದಕ್ಕಾಗಿ ಮತ್ತೆ ಗೇರ್ ಬಾಕ್ಸ್ ಇಳಿಸುವ ಕೂಲಿ ಯಾರಿಗೂ ಬೇಡ.

ಗೇರ್ ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲ್ (ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಕಡೆಯ ಚಕ್ರ) ನೋಡದೆ ಹೊಸ ಪ್ಲೇಟ್ ಕೂರಿಸಬೇಡಿ. ನೀಲಿ ಕಲೆ, ಕೂದಲೆಳೆಯ ಬಿರುಕು, ಉಗುರಿಗೆ ಸಿಗುವ ಗೆರೆ ಇದ್ದರೆ ಹೊಸ ಪ್ಲೇಟೂ ನಡುಗುತ್ತದೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದ್ದರೆ ಈಗಲೇ ಬದಲಾಯಿಸಿ, ಎಣ್ಣೆ ಬಿದ್ದ ಪ್ಲೇಟ್ ಜಾರದೆ ಇರದು. ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಅಂತ ಗುರುತಿರುತ್ತದೆ, ಓದಿ. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ) ಗ್ರೀಸ್ ಸವರಿ ಒರೆಸಿದಷ್ಟು ಸಾಕು. ಹೆಚ್ಚಾದದ್ದು ತಿರುಗುವಾಗ ಸಿಡಿದು ಲೈನಿಂಗ್ ಮೇಲೆ ಕೂರುತ್ತದೆ. ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಗೇರ್ ಬಾಕ್ಸ್ ಏರಿಸುವಾಗ ಅದರ ಭಾರ ಒಂದು ಕ್ಷಣವೂ ಪ್ಲೇಟಿನ ಮೇಲೆ ನೇತಾಡಬಾರದು, ಹಬ್ ಬಾಗಿದರೆ ಹೊಸ ಪ್ಲೇಟ್ ಮೊದಲ ದಿನವೇ ಬಿಡದು. ಕಪ್ಪು ಧೂಳನ್ನು ಏರ್ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಶ್ವಾಸಕೋಶ ಬದಲಾಯಿಸುವ ಸಾಮಾನಲ್ಲ. ಕೊನೆಗೆ ಅರ್ಥಿಂಗ್ ಬೋಲ್ಟ್, ಮತ್ತೆ 0.2 ವೋಲ್ಟ್ ಪರೀಕ್ಷೆ.

ಗಾಡಿ ಕೊಡುವಾಗ ಓಡಿಸುವವರಿಗೆ ಎರಡು ಮಾತು ಹೇಳಿ. ಆಗುಂಬೆ, ಚಾರ್ಮಾಡಿ ಘಾಟಿಯ ಏರಿನಲ್ಲಿ ಸಾಲಾಗಿ ನಿಂತಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿಯಬೇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ.

ರೀಕಾಲ್ ವಿಚಾರದಲ್ಲಿ ನಮ್ಮ ಕಡೆ ಇನ್ನೂ ಸಂಕೋಚ ಇದೆ. ಗಾಡಿ ವಾಪಸ್ ಕರೆದರು ಅಂದರೆ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಇದು ದೋಷ ಗೊತ್ತಾದ ಮೇಲೆ ಕಂಪನಿ ತನ್ನ ಖರ್ಚಿನಲ್ಲಿ ಮಾಡಿಕೊಡಬೇಕಾದ ಕೆಲಸ, ವಾರಂಟಿ ಮುಗಿದಿದೆ ಎಂದು ಬಿಲ್ ಮಾಡುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಮಾಲೀಕರು ವಾಹನ್ ಪೋರ್ಟಲಿನಲ್ಲಿ ನೇರವಾಗಿ ದೂರು ದಾಖಲಿಸಬಹುದು.

ಗಾಡಿ ಒಳಗೆ ಬಂದ ತಕ್ಷಣ, ವಾಟರ್ ವಾಷಿಗೂ ಮುಂಚೆ, ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯೇ ನೋಡಬೇಕು. ವಾಷಿಗೂ ಮುಂಚೆ ಅನ್ನುವುದಕ್ಕೆ ಕಾರಣ ಇದೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್ಎಲ್6 ಮಾದರಿಗಳ 1,81,754 ಪೆಟ್ರೋಲ್ ಕಾರುಗಳನ್ನು ಮೋಟಾರ್ ಜನರೇಟರ್ ಯೂನಿಟ್ (ಎಂಜಿನ್ನಿಗೆ ನೆರವಾಗುವ, ಬ್ಯಾಟರಿಗೆ ಚಾರ್ಜ್ ಕೊಡುವ ಭಾಗ) ಪರೀಕ್ಷೆಗೆ ಕರೆದಾಗ, ಭಾಗ ಬದಲಾಗುವವರೆಗೆ ನೀರು ನಿಂತ ಜಾಗದಲ್ಲಿ ಓಡಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳಿಗೆ ನೇರವಾಗಿ ನೀರು ಹೊಡೆಯಬೇಡಿ ಎಂದು ಹೇಳಿತ್ತು. ನಂಬರ್ ನೋಡದೆ ಪ್ರೆಶರ್ ವಾಷಿಗೆ ಬಿಟ್ಟರೆ ಬೇಡ ಎಂದ ಕೆಲಸವನ್ನು ನಾವೇ ಮಾಡಿದ ಹಾಗೆ. ಚಾಸಿ ನಂಬರಿನಲ್ಲಿ 17 ಅಕ್ಷರ ಇರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ, ಮತ್ತೆ ಓದಿ.

ಪಾರ್ಟ್ ನಂಬರನ್ನೂ ಕುರುಡಾಗಿ ನಂಬಬಾರದು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 2014ರಲ್ಲಿ ಇಗ್ನಿಷನ್ ಸ್ವಿಚ್ಚಿಗಾಗಿ ಲಕ್ಷಾಂತರ ಕಾರು ಕರೆಯಿತು. ಸ್ವಿಚ್ಚಿನ ಸ್ಪ್ರಿಂಗ್ ಹಿಡಿತ ಸಡಿಲ. ಭಾರದ ಕೀ ಗೊಂಚಲು ಅಥವಾ ಒಂದು ಕುಲುಕಾಟಕ್ಕೆ ಕೀ ತಿರುಗಿ ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೀರಿಂಗ್ ಹೋಗುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಸ್ವಿಚ್ಚನ್ನು ವರ್ಷಗಳ ಮುಂಚೆಯೇ ಸುಧಾರಿಸಿದ್ದರೂ ಪಾರ್ಟ್ ನಂಬರ್ ಬದಲಾಯಿಸಿರಲಿಲ್ಲ. ಹಳೆಯದೂ ಹೊಸದೂ ಒಂದೇ ನಂಬರಿನಲ್ಲಿ ಇದ್ದದ್ದರಿಂದ ದೋಷ ಪತ್ತೆಯಾಗುವುದು ತಡವಾಯಿತು. ಹಳ್ಳಕ್ಕೆ ಬಿದ್ದರೆ ಎಂಜಿನ್ ಆಫ್ ಆಗುತ್ತದೆ ಎಂಬ ದೂರು ಬಂದರೆ ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ ಕೀಯನ್ನು ಮೆಲ್ಲಗೆ ಅಲುಗಾಡಿಸಿ ನೋಡುವುದು ಅದಕ್ಕೇ.

ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗಿನ ರೀಕಾಲ್ ಇನ್ನೂ ಮುಗಿದ ಕಥೆಯಲ್ಲ. ಅದರ ಇನ್‌ಫ್ಲೇಟರಿನಲ್ಲಿ (ಬ್ಯಾಗಿಗೆ ಗ್ಯಾಸ್ ತುಂಬುವ ಡಬ್ಬಿಯಲ್ಲಿ) ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ ಮತ್ತು ತೇವಕ್ಕೆ ಸಿಕ್ಕಿ ಕೆಡುತ್ತದೆ, ಬ್ಯಾಗ್ ತೆರೆಯುವಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಬರುತ್ತವೆ. ಮಂಗಳೂರು, ಉಡುಪಿ, ಕಾರವಾರದ ಹವೆ ಸರಿಯಾಗಿ ಅಂಥದ್ದೇ. ಕರಾವಳಿಯಲ್ಲಿ ಹಳೆಯ ಕಾರು ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು.

ಏರ್‌ಬ್ಯಾಗ್ ಬಿಚ್ಚುವಾಗ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆದು, ಆ ಮಾದರಿಯ ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾಯಲೇಬೇಕು. ಒಳಗಿನ ಕೆಪಾಸಿಟರಿನಲ್ಲಿ ಬ್ಯಾಟರಿ ಇಲ್ಲದೆಯೂ ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಉಳಿದಿರುತ್ತದೆ. ಹಳದಿ ಕನೆಕ್ಟರಿಗೆ ಓಮ್ ಮೀಟರ್ ಹಿಡಿಯಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಬಿಚ್ಚಿದ ಬ್ಯಾಗನ್ನು ಮುಚ್ಚಳ ಮೇಲೆ ಮಾಡಿ ಮೇಜಿನ ಮೇಲಿಡಿ. ಮುಚ್ಚಳ ಕೆಳಗಾಗಿ ಸಿಡಿದರೆ ಇಡೀ ಲೋಹದ ಭಾಗ ಚಿಮ್ಮುತ್ತದೆ. ಸ್ಟೀರಿಂಗ್ ತೆಗೆಯುವ ಮುನ್ನ ಚಕ್ರ ನೇರ ಮಾಡಿ, ಒಳಗಿನ ಸುರುಳಿ ಕೇಬಲ್ ಮಧ್ಯದಲ್ಲೇ ಉಳಿಯಲಿ. ಇಲ್ಲದಿದ್ದರೆ ಒಂದು ಕಡೆ ಪೂರ್ತಿ ತಿರುಗಿಸಿದಾಗ ಅದು ತುಂಡಾಗುತ್ತದೆ.

ಕೆಲಸ ಮುಗಿದ ಮೇಲೆ ಹಳೆಯ ಮತ್ತು ಹೊಸ ಭಾಗದ ಸೀರಿಯಲ್ ನಂಬರ್ ಎರಡನ್ನೂ ಕಂಪನಿಯ ಸಿಸ್ಟಂನಲ್ಲಿ ಸೇರಿಸಿ ರೀಕಾಲನ್ನು ಮುಚ್ಚಬೇಕು, ಹಳೆಯ ಭಾಗ ಕಂಪನಿಗೆ ವಾಪಸ್ ಹೋಗಬೇಕು. ಮುಚ್ಚದಿದ್ದರೆ ಚಾಸಿ ನಂಬರಿನ ಮುಂದೆ ಬಾಕಿ ಅಂತಲೇ ಉಳಿಯುತ್ತದೆ. ರೀಕಾಲ್ ಪತ್ರ ಹೋಗುವುದು ಕಂಪನಿಯ ದಾಖಲೆಯಲ್ಲಿರುವ ವಿಳಾಸಕ್ಕೆ, ಅದು ಎಷ್ಟೋ ಸಲ ಮೊದಲ ಮಾಲೀಕರದ್ದು. ಮೂರನೇ ಕೈಗೆ ಬಂದ ಕಾರಿನವರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಆದ್ದರಿಂದ ಸೊನ್ನೆ ರೂಪಾಯಿ ಬಿಲ್ ಆದರೂ ರೀಕಾಲ್ ನಂಬರ್ ಬರೆದ ಜಾಬ್ ಕಾರ್ಡಿನ ಪ್ರತಿಯನ್ನು ಗಿರಾಕಿಯ ಕೈಗೆ ಕೊಡಿ, ಆರ್‌ಸಿ ಇಡುವ ಕವರಿನಲ್ಲೇ ಇಟ್ಟುಕೊಳ್ಳಲು ಹೇಳಿ.