“ನೆಟ್‌ನಲ್ಲಿ ಸಿಗುತ್ತಲ್ವಾ?” ಎಂದು ಕೇಳುವವರಿಗೆ

ಧರ್ಮ, ಪ್ರವಾಸ, ಜೀವನಚರಿತ್ರೆಯ ಹಳೇ ಪುಸ್ತಕ ಕೂಡಿಸುವವನು ನಾನು. ಮನೆಗೆ ಬಂದವರು ಕಪಾಟಿನ ಮುಂದೆ ನಿಲ್ಲುತ್ತಾರೆ. ಒಂದು ಪುಸ್ತಕ ತೆಗೆಯುತ್ತಾರೆ, ಸೀನುತ್ತಾರೆ, ಮತ್ತೆ ಒಳಗೆ ಇಡುತ್ತಾರೆ. ಆಮೇಲೆ ಪ್ರಶ್ನೆ ಬರುತ್ತದೆ: “ಇದೆಲ್ಲ ಈಗ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಲ್ವಾ? ಮತ್ಯಾಕೆ ದುಡ್ಡು ಕೊಟ್ಟು ಹಳೇ ಪುಸ್ತಕ ತರ್ತೀರಿ?”

ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ. ಶಿರಸಿಯಲ್ಲಿ ಮದುವೆ ಊಟಕ್ಕೆ ಪಕ್ಕದ ಎಲೆಗೆ ಕೂತವರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರು ದಯವಿಟ್ಟು ಇದನ್ನು ಓದಿಕೊಳ್ಳಿ.

ನೇರ ಉತ್ತರ: ಕೆಲವು ಸಿಗುತ್ತವೆ. ನಾನೂ ದಿನಾ ನೆಟ್ ನೋಡುವವನೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ನಾನು ಮೊದಲು ಓದಿದ್ದು ಕಂಪ್ಯೂಟರಿನಲ್ಲಿಯೇ. ಹೊನ್ನಾವರ, ಗೋಕರ್ಣ, ಅಂಕೋಲಾ, ಸೋಂದೆ, ಶಿರಸಿ, ಬನವಾಸಿ, ಎಲ್ಲ ಕಡೆ ಅವನು ನಿಂತು, ಜನರನ್ನು ಕೇಳಿ ಬರೆದುಕೊಂಡಿದ್ದಾನೆ. ಯಾವ ಊರಿನಲ್ಲಿ ಏನು ಬೆಳೆಯುತ್ತಾರೆ, ಭೂಮಿಗೆ ಕಂದಾಯ ಎಷ್ಟು, ಯಾವ ದೇವಸ್ಥಾನ ಯಾರದ್ದು, ಒಂದನ್ನೂ ಬಿಟ್ಟಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅದು ಬಂತು. ಆ ಮುದ್ರಣ ಕೊಳ್ಳುವ ಶಕ್ತಿ ನನಗಿಲ್ಲ. ನನ್ನ ಹತ್ತಿರ ಇರುವುದು 1870ರಲ್ಲಿ ಮದ್ರಾಸಿನ ಹಿಗಿನ್‌ಬಾಥಮ್ಸ್‌ನವರು ತಂದ ಎರಡು ಸಂಪುಟ.

1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋದ. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ ಮುಟ್ಟಿದ. ಅವನ ಪತ್ರಗಳೂ ನೆಟ್‌ನಲ್ಲಿವೆ. ಕಾರವಾರ, ಗೋಕರ್ಣ ನೋಡಿಹೋದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್‌ನ 1698ರ ಪುಸ್ತಕವೂ ಇದೆ. ಓದಬೇಕು ಅನ್ನುವವರು ಈ ರಾತ್ರಿಯೇ ಓದಬಹುದು.

ಆದರೆ ಇಂಥ ಪುಸ್ತಕಗಳಲ್ಲಿ ಮಡಚಿ ಸೇರಿಸಿದ ನಕಾಶೆ ಇರುತ್ತದೆ. ಸ್ಕ್ಯಾನ್ ಮಾಡುವವರಿಗೆ ಅದನ್ನು ಬಿಡಿಸಿ ಹರಡುವ ಪುರುಸೊತ್ತು ಎಷ್ಟೋ ಸಲ ಇರುವುದಿಲ್ಲ. ಮಡಚಿದ ಕಾಗದದ ಬೆನ್ನಿನ ಫೋಟೋ ಬಂದಿರುತ್ತದೆ, ಅಷ್ಟೇ. ಪ್ರವಾಸದ ಪುಸ್ತಕದಲ್ಲಿ ದಾರಿಯೇ ಕಾಣದಿದ್ದರೆ ಹೇಗೆ? ಬದಿಯಲ್ಲಿ ಹಿಂದಿನವರು ಪೆನ್ಸಿಲಿನಲ್ಲಿ ಬರೆದದ್ದು ಕಪ್ಪು ಬಿಳುಪು ಸ್ಕ್ಯಾನಿನಲ್ಲಿ ಅಳಿಸಿಹೋಗಿರುತ್ತದೆ.

ಇನ್ನು ಯಾವ ಮುದ್ರಣ ಸಿಗುತ್ತದೆ ಅನ್ನುವುದೂ ಮುಖ್ಯ. 1857ರ ದಂಗೆಯ ನಡುವೆ ಸಿಕ್ಕಿಬಿದ್ದು ಬದುಕಿ ಬಂದ ವಿಷ್ಣುಭಟ್ ಗೋಡ್ಸೆಯವರ ಮರಾಠಿ ಪ್ರವಾಸಕಥನ ‘ಮಾಝಾ ಪ್ರವಾಸ’ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇತ್ತು. ಅದನ್ನು 1907ರಲ್ಲಿ ಚಿ. ವಿ. ವೈದ್ಯ ಅವರು ತಿದ್ದಿ ಅಚ್ಚು ಹಾಕಿಸಿದರು. ಗೋಡ್ಸೆ ಬರೆದ ಹಾಗೆಯೇ ಓದಲು ಜನ 1966ರವರೆಗೆ, ದತ್ತೋ ವಾಮನ ಪೋತದಾರರು ಮೂಲವನ್ನು ಹೊರತರುವವರೆಗೆ ಕಾಯಬೇಕಾಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಏನು ಬಿಟ್ಟರು, ಏನು ತಿದ್ದಿದರು ಎಂದು ಗೊತ್ತಾಗುತ್ತದೆ. ಅದು ನನಗೆ ಬೇಕು. ಅದಕ್ಕೆ ದುಡ್ಡು ಕೊಡುತ್ತೇನೆ. ನನ್ನ ದುಡ್ಡು.

ಧರ್ಮ, ಪ್ರವಾಸ, ಜೀವನಚರಿತ್ರೆ, ಈ ಮೂರೇ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ನಮ್ಮ ಕಡೆ ಈ ಮೂರನ್ನು ಬೇರೆ ಮಾಡುವುದೇ ಕಷ್ಟ. ಸೋಂದೆಯಲ್ಲಿ ವೃಂದಾವನಸ್ಥರಾದ ವಾದಿರಾಜರ ‘ತೀರ್ಥಪ್ರಬಂಧ’ವನ್ನೇ ತೆಗೆದುಕೊಳ್ಳಿ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ನಾಲ್ಕು ಭಾಗ ಮಾಡಿ ದೇಶದ ತೀರ್ಥಗಳನ್ನು ಹಾಡಿದ್ದಾರೆ. ಅದು ಸ್ತೋತ್ರವೂ ಹೌದು, ಪ್ರವಾಸವೂ ಹೌದು. ಕಾರವಾರ, ಅಂಕೋಲಾದ ದತ್ತ ಭಕ್ತರ ಮನೆಯಲ್ಲಿ ‘ಗುರುಚರಿತ್ರೆ’ಯ ಪೋಥಿ ಇರುತ್ತದೆ. ಅದು ಗುರುಗಳ ಜೀವನಚರಿತ್ರೆ, ನಡುವೆ ಗೋಕರ್ಣದ ಮಹಿಮೆಗೇ ಅಧ್ಯಾಯಗಳಿವೆ. ರವೀಂದ್ರನಾಥ ಟಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದರ ಇಂಗ್ಲಿಷ್ ಅನುವಾದ 1917ರಲ್ಲಿ ಮ್ಯಾಕ್‌ಮಿಲನ್‌ನಿಂದ ಬಂತು. ಟಾಗೋರ್ ಕಡಲತೀರದಲ್ಲಿ ಸೆಲ್ಫಿ ತೆಗೆಯುವ ಪ್ರತಿಯೊಬ್ಬರೂ ಆ ನಾಲ್ಕು ಪುಟ ಓದಬೇಕು ಎಂದು ನನ್ನ ಆಸೆ.

ಇಷ್ಟೂ ಹೆಸರಿದ್ದ ಪುಸ್ತಕಗಳ ಮಾತಾಯಿತು. ನನ್ನ ಕಪಾಟಿನಲ್ಲಿ ಜಾಸ್ತಿ ಇರುವುದು ಹೆಸರಿಲ್ಲದವು. ಸಣ್ಣ ಅಚ್ಚುಕೂಟಗಳಲ್ಲಿ ಕೆಲವೇ ಪ್ರತಿ ಮಾಡಿಸಿದ ಸ್ಥಳ ಮಹಾತ್ಮೆ, ಹಾಡಿನ ಪುಸ್ತಕ, ಮಠದ ಗುರುಗಳ ಚರಿತ್ರೆ. 1930ರಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಆಮೇಲೆ ಅಂಕೋಲಾ, ಸಿದ್ದಾಪುರದ ಕಡೆ ಕರನಿರಾಕರಣೆ ನಡೆಯಿತು. ಅದರಲ್ಲಿ ಜೈಲಿಗೆ ಹೋದವರ, ಜಮೀನು ಕಳೆದುಕೊಂಡವರ ನೆನಪಿಗೆ ಮಕ್ಕಳು ಮೊಮ್ಮಕ್ಕಳು ಪುಟ್ಟ ಪುಸ್ತಕ ಮಾಡಿಸಿದ್ದುಂಟು. ಅವು ಮಾರಾಟಕ್ಕಲ್ಲ. ವೈಕುಂಠ ಸಮಾರಾಧನೆಗೆ ಬಂದವರ ಕೈಗೆ ಕೊಡಲು. ಇಂಥದ್ದನ್ನು ಯಾವ ಲೈಬ್ರರಿ ತರಿಸುತ್ತದೆ? ಲೈಬ್ರರಿಗೇ ಹೋಗದ ಪುಸ್ತಕ ನೆಟ್‌ಗೆ ಹೇಗೆ ಹೋಗುತ್ತದೆ?

ಹೋದದ್ದೂ ಸಿಗುವುದು ಸುಲಭವಲ್ಲ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೇಗೋ ಬರೆದು ಏರಿಸಿರುತ್ತಾರೆ. ಹುಡುಕಿದರೆ ಬರುವುದಿಲ್ಲ. ಇಸವಿಯ ಜಾಗ ಖಾಲಿ ಇರುತ್ತದೆ, ಯಾಕೆಂದರೆ ಪುಸ್ತಕದಲ್ಲಿ ಇರುವುದು ‘ಶಕೆ 1829, ಪ್ಲವಂಗ ಸಂವತ್ಸರ’ ಎಂದು. 78 ಕೂಡಿಸಿದರೆ 1907 ಬರುತ್ತದೆ. ಅಷ್ಟು ಮಾಡಲೂ ಯಾರೋ ಒಬ್ಬರು ಕೂತು ನೋಡಬೇಕಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ರೀತಿಗೆ. ಉತ್ತರ ಮೊದಲೇ ತೀರ್ಮಾನ ಆಗಿರುತ್ತದೆ. “ನೀವು ಯಾವ ಪುಸ್ತಕ ಹುಡುಕಿ ನೋಡಿದ್ರಿ?” ಎಂದು ತಿರುಗಿ ಕೇಳಿದರೆ ಮಾತು ಅಡಿಕೆ ರೇಟಿಗೆ ಹೊರಳುತ್ತದೆ. ಕೇಳಿದವರಿಗೆ ಅದು ಸುಮ್ನೆ ಒಂದು ಮಾತು. ಆ ಮಾತಿನಿಂದ ಏನಾಗುತ್ತದೆ ಎಂದು ನಾನು ನೋಡಿದ್ದೇನೆ.

ಸಿದ್ದಾಪುರದ ಕಡೆ ನನ್ನ ಹೆಂಡತಿಯ ನೆಂಟರ ಮನೆ. ಹಳೇ ಮನೆ ಕೆಡವಿ ಟೆರೇಸ್ ಮನೆ ಕಟ್ಟಲು ಹೊರಟಿದ್ದರು. ಅಟ್ಟದ ಮೇಲೆ ಅಜ್ಜನ ಕಾಲದ ಪುಸ್ತಕ ಇವೆ, ಬಂದು ನೋಡು ಎಂದು ಮನೆಯ ಹಿರಿಯರು ಫೋನ್ ಮಾಡಿದ್ದರು. ನಾನು ಮುಟ್ಟುವ ಹೊತ್ತಿಗೆ ಅಟ್ಟ ಖಾಲಿ. ಬೆಂಗಳೂರಿನಿಂದ ಬಂದಿದ್ದ ಮಗ ಮೊಬೈಲಿನಲ್ಲಿ ಎರಡು ಮೂರು ಹೆಸರು ಹಾಕಿ ನೋಡಿದ್ದಾನೆ. ಸಿಕ್ಕಿವೆ. ಅಲ್ಲಿಗೆ ಮುಗಿಯಿತು.

“ನೆಟ್ಟಲ್ಲಿ ಎಲ್ಲಾ ಸಿಕ್ತು ಭಾವಾ, ಎಂತಕ್ಕೆ ಇದೆಲ್ಲಾ?” ಅಂದ.

ದೇವರ ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟಿದ್ದರು. ಇದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಪುರಾಣ, ಸ್ತೋತ್ರದ ಪುಸ್ತಕವನ್ನು ಕಸಕ್ಕೆ ಹಾಕಲು ಯಾರಿಗೂ ಧೈರ್ಯ ಇಲ್ಲ. ಅದಕ್ಕೇ ಉಳಿದೆಲ್ಲ ಹೋದ ಮೇಲೂ ಅವು ತಲೆಮಾರುಗಟ್ಟಲೆ ಉಳಿಯುತ್ತವೆ. ಕೊನೆಗೆ ಒಂದು ದಿನ ಭಕ್ತಿಯಿಂದಲೇ ನೀರಿಗೆ ಹೋಗುತ್ತವೆ.

ಉಳಿದ ಪುಸ್ತಕಗಳು ಬಚ್ಚಲ ಒಲೆಯ ಪಕ್ಕ, ಒಣಗಿದ ಸೋಗೆಯ ಜೊತೆ ಬಿದ್ದಿದ್ದವು. ಅವುಗಳ ನಡುವೆ ಹೊಳೆಗೆ ಹೋಗದೆ ತಪ್ಪಿಸಿಕೊಂಡ ಒಂದು ಪುರಾಣ, ಅರ್ಧ ಮಾತ್ರ. ಮುದ್ರಣದ ಪುಟಗಳ ಹಿಂದೆ ಯಾರೋ ಬೇರೆ ಹಾಳೆ ಸೇರಿಸಿ ಹೊಲಿದಿದ್ದರು. ನೋಡಿದರೆ ಆ ಮನೆಯ ಮುತ್ತಜ್ಜ ಕಾಶಿಗೆ ಹೋದ ಲೆಕ್ಕ. ಘಟ್ಟ ಇಳಿದು ಕುಮಟಾ, ಅಲ್ಲಿಂದ ಹಡಗಿನಲ್ಲಿ ಮುಂಬೈ, ಮುಂದೆ ರೈಲು. ಎಲ್ಲಿ ಎಷ್ಟು ಅಕ್ಕಿ ಕೊಂಡರು, ಪ್ರಯಾಗದಲ್ಲಿ ಪಂಡಾನಿಗೆ ಏನು ಕೊಟ್ಟರು, ಜೊತೆಗೆ ಹೋದವರಲ್ಲಿ ಯಾರಿಗೆ ಜ್ವರ ಬಂತು, ಹಡಗಿನಲ್ಲಿ ನೀರಿನ ಮಡಿ ಹೇಗೆ ನೋಡಿಕೊಂಡರು. ಕಾಶಿ ಮುಟ್ಟಿದ ಮರುದಿನದ ಲೆಕ್ಕದ ನಡುವೆ ಹಾಳೆ ಮುಗಿಯುತ್ತದೆ. ಮುಂದಿನ ಹಾಳೆಗಳಿಂದ ಹಿಂದಿನ ಸಂಜೆ ಸ್ನಾನದ ನೀರು ಕಾಯಿಸಿದ್ದರು.

ಹುಡುಗ ಹೇಳಿದ್ದು ಸುಳ್ಳಲ್ಲ. ಆ ಪುರಾಣ ನೆಟ್‌ನಲ್ಲಿದೆ. ಮುತ್ತಜ್ಜನ ಕಾಶಿಯಾತ್ರೆ ಎಲ್ಲೂ ಇಲ್ಲ. ಆ ಹೊತ್ತಿನಲ್ಲಿ ನಾನು ಗಟ್ಟಿ ದನಿಯಲ್ಲಿ ಮಾತಾಡಿದೆ. ಈಗಲೂ ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಒಬ್ಬ ಮನುಷ್ಯ ಮನೆಯಿಂದ ಅಷ್ಟು ದೂರ ಹೋಗಿ, ದಣಿದು ಕೂತು, ಮುಂದಿನವರಿಗೆ ಇರಲಿ ಎಂದು ಬರೆದಿಟ್ಟಿದ್ದ.

ಅದಕ್ಕೇ ನನಗೆ ಬೇರೆ ಪ್ರಶ್ನೆ ಬೇಕು. “ನಮ್ಮನೆಯಲ್ಲೂ ಹಳೇ ಪುಸ್ತಕ ಇವೆ, ಏನು ಮಾಡಲಿ?” ಎಂದು ಯಾರಾದರೂ ಕೇಳಲಿ. ಊಟ ಬಿಟ್ಟು ಉತ್ತರ ಹೇಳುತ್ತೇನೆ. ಯಾರೂ ಕೇಳದಿದ್ದರೂ ಈಗ ಹೇಳಿಬಿಡುತ್ತೇನೆ.

ಮೊದಲು ಕೊನೆಯ ಖಾಲಿ ಹಾಳೆ ನೋಡಿ. ಆಮೇಲೆ ಮೊದಲಿನದು. ನಮ್ಮ ಹಿರಿಯರು ಮಕ್ಕಳ ಜನ್ಮನಕ್ಷತ್ರ, ತೀರಿಕೊಂಡವರ ತಿಥಿ, ಸಾಲದ ಲೆಕ್ಕ, ಎಲ್ಲ ಅಲ್ಲೇ ಬರೆಯುತ್ತಿದ್ದರು. ಅದರ ಫೋಟೋ ಮೊದಲು ತೆಗೆಯಿರಿ, ಕಿಟಕಿಯ ಹತ್ತಿರ, ಹಗಲು ಬೆಳಕಿನಲ್ಲಿ. ಪುಸ್ತಕವನ್ನು ಒತ್ತಿ ಚಪ್ಪಟೆ ಮಾಡಬೇಡಿ, ಬೆನ್ನು ಮುರಿಯುತ್ತದೆ. ಓದಲು ಬರದ ಅಕ್ಷರ ಇದ್ದರೆ ಕೆಲಸಕ್ಕೆ ಬಾರದ್ದು ಎಂದು ತಿಳಿಯಬೇಡಿ. ಕಾರವಾರದ ಕಡೆಯ ಹಳೇ ಮರಾಠಿ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ ಇರಬಹುದು. ವೈದಿಕರ ಮನೆಯ ತಾಳೆಗರಿ ತಿಗಳಾರಿ ಲಿಪಿಯಲ್ಲಿ ಇರಬಹುದು. ಅದನ್ನು ಮಲಯಾಳಂ ಎಂದು ತಿಳಿದು ಬದಿಗೆ ಇಟ್ಟವರಿದ್ದಾರೆ. ಎರಡನ್ನೂ ಓದುವವರು ಈಗಲೂ ಇದ್ದಾರೆ. ಮನೆಯಲ್ಲಿ ಇಡಲು ಆಗದಿದ್ದರೆ ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಒಂದು ಸಲ ವಿಚಾರಿಸಿ.

ಹಳೇದಾದಷ್ಟೂ ಹಾಳಾಗಿರುತ್ತದೆ ಎಂದೇನಿಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದವರೆಗೆ ಕಾಗದವನ್ನು ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಅದು ಇನ್ನೂ ಗಟ್ಟಿಯಾಗಿದೆ. ಆಮೇಲೆ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಉಳಿದ ಆಮ್ಲ ಒಳಗಿನಿಂದಲೇ ಕಾಗದವನ್ನು ತಿನ್ನುತ್ತದೆ. ಅದಕ್ಕೇ 1940ರ ಕನ್ನಡ ಪುಸ್ತಕ ಹಪ್ಪಳದ ಹಾಗೆ ಮುರಿಯುತ್ತದೆ, ಅದಕ್ಕಿಂತ ನೂರು ವರ್ಷ ಹಿಂದಿನದು ಮಡಚಿದರೂ ಮುರಿಯುವುದಿಲ್ಲ. ಅಜ್ಜನ ಪುಸ್ತಕಕ್ಕಿಂತ ಅಪ್ಪನ ಪುಸ್ತಕಕ್ಕೆ ಅವಸರ ಜಾಸ್ತಿ.

ನಮ್ಮ ದೊಡ್ಡ ವೈರಿ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುತ್ತದೆ. ಜೂನಿನಿಂದ ಗೋಡೆಗಳೇ ಬೆವರುತ್ತವೆ. ಕಪಾಟನ್ನು ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಒರಗಿಸಬೇಡಿ. ಗೋಡೆಗೂ ಪುಸ್ತಕಕ್ಕೂ ನಡುವೆ ಗಾಳಿ ಆಡಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಳೇ ಹತ್ತಿ ಸೀರೆಯಲ್ಲಿ ಸುತ್ತುತ್ತಿದ್ದ ಅಜ್ಜಿಯರೇ ಸರಿ. ಬೂಷ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಹೊರಗೆ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತಗಿನ ಬ್ರಷ್‌ನಿಂದ ಉಜ್ಜಿ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಹರಡಬೇಡಿ. ಆ ಬಿಸಿಲು ಅಡಿಕೆಗೆ ಒಳ್ಳೆಯದು, ಕಾಗದಕ್ಕಲ್ಲ. ಬೇವಿನ ಎಲೆ ಇಡುವುದಾದರೆ ಪೂರಾ ಒಣಗಿದ್ದನ್ನೇ ಇಡಿ. ನುಸಿಗುಳಿಗೆಯಿಂದ ಹುಳ ದೂರ ಇರಬಹುದು, ಬೂಷ್ಟು ನಿಲ್ಲುವುದಿಲ್ಲ.

ಸೆಲೋಟೇಪ್ ಹಚ್ಚಬೇಡಿ. ಇದನ್ನು ಕಾಲು ಹಿಡಿದು ಕೇಳುತ್ತೇನೆ. ನಾಲ್ಕು ವರ್ಷಕ್ಕೆ ಟೇಪ್ ಉದುರುತ್ತದೆ, ಅಂಟು ಅಕ್ಷರದ ಮೇಲೆ ಹಳದಿಯಾಗಿ ಕೂರುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹರಿದ ಪುಟವನ್ನು ಅದರ ಜಾಗದಲ್ಲೇ ಇಟ್ಟು, ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ. ಅಷ್ಟು ಸಾಕು.

ಮತ್ತೆ, ಮನೆ ಕೆಡವುವ ಮೊದಲು ನನಗೊಂದು ಫೋನ್ ಮಾಡಿ. ಘಟ್ಟದ ಮೇಲಾದರೂ ಸರಿ, ಕೆಳಗಾದರೂ ಸರಿ, ಮಳೆಗಾಲದಲ್ಲಾದರೂ ಬರುತ್ತೇನೆ. ಪುಸ್ತಕ ನನಗೆ ಕೊಡಬೇಕಾಗಿಲ್ಲ. ನೋಡಿ, ಫೋಟೋ ತೆಗೆದು, ಬಟ್ಟೆ ಸುತ್ತಿ ನಿಮ್ಮ ಕೈಗೇ ಕೊಟ್ಟು ಬರುತ್ತೇನೆ.