ಶಾಲೆಯಲ್ಲಿ ಮಾತೇ ಆಡದವರು ಈಗ ಕೂಡಿ ಏನು ಮಾತನಾಡುತ್ತೀರಿ?

ಹೈಸ್ಕೂಲಿನ ಸಹಪಾಠಿಗಳೆಲ್ಲ ಸೇರಿದ್ದೆವು ಎಂದು ಹೇಳಿದರೆ ಸಾಕು, ನನಗೆ ಎದುರಾಗುವ ಪ್ರಶ್ನೆ ಇದು. ನೆಗೆಣ್ಣಿ ಕೇಳುತ್ತಾಳೆ, ನಾನು ಪಾಠ ಹೇಳುವ ಶಾಲೆಯ ಶಿಕ್ಷಕಿಯರು ಕೇಳುತ್ತಾರೆ, ಪಕ್ಕದ ಮನೆಯ ಅಜ್ಜಿಯಂತೂ ಬೀದಿಯಲ್ಲೇ ನಿಲ್ಲಿಸಿ ಕೇಳಿದರು: "ಅಲ್ಲವ್ವಾ, ಆಗ ಹುಡುಗರ ಮುಖ ಎತ್ತಿ ನೋಡದವರು ನೀವು. ಈಗ ಮೊಮ್ಮಕ್ಕಳು ಬರುವ ಹೊತ್ತಿಗೆ ಕೂಡಿ ಕುಳಿತು ಅದೇನು ಮಾತನಾಡುತ್ತೀರಿ?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತದೆ, ಮನೆಯವರು ಏನೂ ಅನ್ನಲಿಲ್ಲವೇ ಎಂದು. ಅದಕ್ಕೆ ಉತ್ತರ ಚಿಕ್ಕದು. ಅಂದರು, ಆಮೇಲೆ ಸುಮ್ಮನಾದರು. ಮೊದಲನೆಯದಕ್ಕೆ ಸ್ವಲ್ಪ ಹೆಚ್ಚು ಹೇಳಬೇಕು.

ನಾವು 1991ರಲ್ಲಿ ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಬರೆದವರು. ಆಗಿನ್ನೂ ಕೊಪ್ಪಳ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ನಮ್ಮ ಅಂಕಪಟ್ಟಿಯ ಮೇಲೆ ಇವತ್ತಿಗೂ ರಾಯಚೂರು ಜಿಲ್ಲೆ ಎಂದೇ ಇದೆ. ಆ ಶಾಲೆಗೆ ಸುತ್ತಲಿನ ಹಳ್ಳಿಗಳ ಮಕ್ಕಳ ಜೊತೆಗೆ ಕ್ಯಾಂಪಿನ ಮಕ್ಕಳೂ ಬರುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭೂಮಿ ಮಾಡಿದ ರೈತರ ಊರುಗಳಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕ್ಯಾಂಪಿನ ಹುಡುಗಿಯರು ಸೈಕಲ್ ಮೇಲೆ ಬರುತ್ತಿದ್ದರು. ಹಳ್ಳಿಯ ನಮಗೆ ಸೈಕಲ್ ಹತ್ತುವುದಿರಲಿ, ಅವರನ್ನು ಕಂಡು ಆಸೆಪಡುವುದಕ್ಕೂ ಮನೆಯಲ್ಲಿ ಬೈಗುಳವಿತ್ತು.

ಮಾತಿನ ವಿಷಯದಲ್ಲಿ ಮಾತ್ರ ಹಳ್ಳಿ, ಕ್ಯಾಂಪು ಎಲ್ಲ ಒಂದೇ. ಗುರುಗಳು ತರಗತಿಯ ಒಳಗೆ ಕಾಲಿಡುವವರೆಗೆ ಹುಡುಗಿಯರು ವರಾಂಡದಲ್ಲೇ ನಿಂತಿರುತ್ತಿದ್ದೆವು. ಅವರ ಹಿಂದೆ ಸಾಲಾಗಿ ಒಳಗೆ ಹೋಗಿ ಎಡಗಡೆಯ ಬೆಂಚುಗಳಲ್ಲಿ ಕುಳಿತು, ಗಂಟೆ ಹೊಡೆದ ಕೂಡಲೇ ಅವರಿಗಿಂತ ಮೊದಲು ಹೊರಗೆ ಬರುವುದು. ನೋಟ್ಸ್ ಬೇಕಿದ್ದರೆ ಗುರುಗಳ ಕೈಯಿಂದ ಕೇಳಿಸಬೇಕು. ಹೆಸರು ಹಿಡಿದು ಯಾರೂ ಯಾರನ್ನೂ ಕರೆದದ್ದಿಲ್ಲ. ಮೂರು ವರ್ಷ ಹೀಗೇ ಕಳೆದು, ಪರೀಕ್ಷೆ ಬರೆದು, ಟಿ.ಸಿ. ತೆಗೆದುಕೊಂಡು ಹೋದೆವು. ಆದ್ದರಿಂದ "ಹಳೆಯ ಗೆಳೆಯರನ್ನು ಮತ್ತೆ ಕಂಡಿರಿ" ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ತರಗತಿಯ ಅರ್ಧ ಜನರನ್ನು ನಾನು ಮೊದಲ ಸಲ ಭೇಟಿಯಾದದ್ದೇ ಈ ವಯಸ್ಸಿನಲ್ಲಿ.

ಇದು ಕೂಟದ ದಿನ ಬೆಳಿಗ್ಗೆಯೇ ಗೊತ್ತಾಯಿತು. ವೇದಿಕೆ ಇತ್ತು, ಫ್ಲೆಕ್ಸ್ ಇತ್ತು, ನಿರೂಪಕರಿದ್ದರು. ನೆನಪು ಹಂಚಿಕೊಳ್ಳಿ ಎಂದಾಗ ಗಂಡಸರು ಒಬ್ಬರ ಹಿಂದೆ ಒಬ್ಬರು ಎದ್ದು ಕಾಲುವೆಯಲ್ಲಿ ಈಜಿದ್ದು, ಪೇರಲ ಕದ್ದದ್ದು, ಗಣಿತದ ಗುರುಗಳ ಬಡಿಗೆ ಮುರಿದದ್ದು ಹೇಳಿದರು. ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ನಾವು ಎಲ್ಲಿಯೂ ಇರಲಿಲ್ಲ, ಎಲ್ಲಿಂದ ಇರಬೇಕು? ಅವರಿಗೂ ಒಂದು ತಾಸಿನಲ್ಲಿ ಕಥೆ ಖಾಲಿಯಾಯಿತು. ಪೇರಲದ ಕಥೆ ಎರಡನೆಯ ಸಲ ಬರತೊಡಗಿದಾಗ ನಿರೂಪಕರು ಊಟಕ್ಕೆ ಬಿಟ್ಟರು.

ನಿಜವಾದ ಕೂಟ ಶುರುವಾದದ್ದು ಊಟದ ಪಂಕ್ತಿಯಲ್ಲಿ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗೋಧಿ ಹುಗ್ಗಿ. ಎದುರು ಸಾಲಿನಲ್ಲಿ ಕುಳಿತಿದ್ದ ಒಬ್ಬರು, ಈಗ ದಲಾಲಿ ಅಂಗಡಿ ನಡೆಸುವವರು, ನನ್ನ ಪಕ್ಕದಲ್ಲಿದ್ದ ಗೆಳತಿಗೆ ಹೇಳಿದರು: "ನೋಡಿ ಅಕ್ಕಾವ್ರೇ, ಮೂರು ವರ್ಷದಲ್ಲಿ ನಿಮ್ಮ ಬಾಯಿಂದ ನಾನು ಕೇಳಿದ್ದು 'ಎಸ್ ಸರ್' ಒಂದೇ. ಹಾಜರಿ ಕರೆದಾಗ." ಅವಳು ತಲೆ ಎತ್ತದೆ ಹುಗ್ಗಿ ಬಡಿಸಿಕೊಳ್ಳುತ್ತಾ, "ಇವತ್ತು ಎಲ್ಲ ಕೂಡಿಸಿ ಹೇಳುತ್ತೇನೆ, ಕೈ ತೊಳೆದು ಬನ್ನಿ" ಎಂದಳು. ಇಡೀ ಪಂಕ್ತಿ ನಕ್ಕಿತು. ಆಮೇಲೆ ಸಂಜೆಯವರೆಗೆ ಮಾತು ನಿಲ್ಲಲಿಲ್ಲ.

ಏನು ಮಾತು? ನೆನಪುಗಳಿಲ್ಲದಿದ್ದರಿಂದ ಇವತ್ತಿನದೇ ಮಾತು. ಸಕ್ಕರೆ ಕಾಯಿಲೆ, ಮಂಡಿನೋವು, ಮಗನಿಗೆ ಹೆಣ್ಣು ಸಿಗದಿರುವುದು. ಇವು ಎಲ್ಲ ಕಡೆಯೂ ಇರುವವು, ಬಿಡಿ. ನಮ್ಮ ಕಡೆಗೇ ವಿಶೇಷವಾದದ್ದು 371ಜೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಸಿಗುವ ಮೀಸಲಾತಿ. ಸಂವಿಧಾನದ ಆ ವಿಧಿ 2013ರಲ್ಲಿ ಜಾರಿಗೆ ಬರುವ ಹೊತ್ತಿಗೆ ನಮ್ಮ ಪೈಕಿ ಬಹಳ ಜನರಿಗೆ ನೌಕರಿಯ ವಯಸ್ಸು ಮುಗಿದಿತ್ತು. ಲಾಭ ಬಂದದ್ದು ಮಕ್ಕಳಿಗೆ. ಈ ಭಾಗದಿಂದ ಹೊರಗೆ, ಗದಗಕ್ಕೋ ದಾವಣಗೆರೆಗೋ ಕೊಟ್ಟ ಹೆಣ್ಣುಮಕ್ಕಳಿಗೆ ಆ ಮೀಸಲಾತಿಗೆ ಬೇಕಾದ ತಮ್ಮ ಮಕ್ಕಳ ಅರ್ಹತಾ ಪತ್ರದ ಚಿಂತೆ. ಅಂಥ ಒಬ್ಬಳಿಗೆ, ಕಂದಾಯ ಇಲಾಖೆಯಲ್ಲಿರುವ ಸಹಪಾಠಿ ಅಲ್ಲೇ ಕುಳಿತು ಯಾವ ಕಚೇರಿಗೆ ಏನು ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟ. ನಾವೆಲ್ಲ ಓದಿದ ಈ ಶಾಲೆಯಿಂದಲೇ ವ್ಯಾಸಂಗ ಪ್ರಮಾಣಪತ್ರ ತೆಗೆದುಕೋ, ಅದು ಮೊದಲು ಎಂದ. ಅವಳು ಊಟ ಮುಗಿಸಿ ನೇರವಾಗಿ ಮುಖ್ಯಗುರುಗಳನ್ನು ಹುಡುಕಿಕೊಂಡು ಹೋದಳು.

ಇನ್ನೊಬ್ಬಳದು ಆಸ್ತಿಯ ಪ್ರಶ್ನೆ. ಪಂಚಮಿಗೆ ಕರೆಯಲು ಬಂದ ಅಣ್ಣ, ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಎಂದು ಅವಳು ಬರೆದುಕೊಡಬೇಕಾದ ಹಕ್ಕು ಬಿಡುಗಡೆ ಪತ್ರದ ಮಾತು ತೆಗೆದಿದ್ದನಂತೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದ ಮೇಲೆ ಅಣ್ಣತಮ್ಮಂದಿರಿಗೆ ಆ ಸಹಿ ಬೇಕೇ ಬೇಕು. ತವರು ಮುರಿದುಕೊಳ್ಳುವ ಮನಸ್ಸು ಅವಳಿಗಿಲ್ಲ, ಸುಮ್ಮನೆ ಸಹಿ ಹಾಕುವ ಮನಸ್ಸೂ ಇಲ್ಲ. ಇದನ್ನು ಗಂಡನಿಗೆ ಹೇಳಿದರೆ ಜಗಳವಾಗುತ್ತದೆ, ಓಣಿಯಲ್ಲಿ ಹೇಳಿದರೆ ಊರಾಗುತ್ತದೆ. ಆ ದಿನ ವಕೀಲಿ ಮಾಡುವ ಸಹಪಾಠಿಯನ್ನು ಬೇವಿನ ಗಿಡದ ಕೆಳಗೆ ಕರೆದು ಕೇಳಿದಳು. ಅವರು ಹೇಳಿದ್ದು ಏನೆಂದು ನನಗೆ ಬೇಡ. ಅವಳಿಗೆ ಕೇಳಲು ಒಬ್ಬರು ಸಿಕ್ಕಿದರು.

ನನ್ನ ಉತ್ತರ ಇರುವುದು ಇಲ್ಲಿಯೇ. ನಮ್ಮ ಕಡೆ ಮದುವೆಯಾದ ಹೆಂಗಸಿಗೆ ಪರಿಚಯದ ಗಂಡಸರೆಂದರೆ ನೆಂಟರು, ಇಲ್ಲವೇ ಗಂಡನ ಸ್ನೇಹಿತರು. ಪ್ರತಿಯೊಬ್ಬರ ಹಿಂದೆಯೂ ಒಂದು ಹಂಗು, ಒಂದು ಸುದ್ದಿವಾಹಕ. ಸಹಪಾಠಿ ನೆಂಟನಲ್ಲ. ಹಾಗೆಂದು ಪೂರಾ ಹೊರಗಿನವನೂ ಅಲ್ಲ. ನಿನ್ನ ಊರು, ನಿನ್ನ ಅಪ್ಪ, ನೀನು ನಡೆದು ಬರುತ್ತಿದ್ದ ದಾರಿ ಅವನಿಗೆ ಗೊತ್ತು. ಗಂಡಸರಿಗೂ ಇದು ಹೊಸದು ಎಂದು ಆಮೇಲೆ ತಿಳಿಯಿತು. ಮಗಳು ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದಾಳೆ, ಏನು ಮಾಡಲಿ ಎಂದು ರೈಸ್ ಮಿಲ್ಲಿನ ಮಾಲೀಕರೊಬ್ಬರು ಕೇಳಿದ್ದು ನಮ್ಮ ಪೈಕಿ ನರ್ಸ್ ಆಗಿರುವವಳನ್ನು. ಮಿಲ್ಲಿನ ಅಂಗಳದಲ್ಲಿ ಅವರು ಆ ಮಾತು ಎತ್ತಲಾರರು.

ಹೆಂಗಸರನ್ನು ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಗಂಡಸರ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಕೆಲವೇ ದಿನಗಳಲ್ಲಿ ತುಂಬಿತು. ಹೆಣ್ಣುಮಕ್ಕಳ ಹೆಸರಿನ ಮುಂದಿನ ಮನೆತನ ಬದಲಾಗಿದೆ, ಊರು ಬದಲಾಗಿದೆ, ಎಷ್ಟೋ ಮನೆಗಳಲ್ಲಿ ಫೋನು ಗಂಡನದು ಅಥವಾ ಮಗನದು. ನಾವು ಕಂಡುಕೊಂಡ ದಾರಿ ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗಳು ಬೇರೆ ಯಾವ ಹಬ್ಬಕ್ಕೆ ಬಾರದಿದ್ದರೂ ಪಂಚಮಿಗೆ ತವರಿಗೆ ಬರುತ್ತಾಳೆ. ಆ ವಾರ ನಾನು, ಇನ್ನಿಬ್ಬರು ಗೆಳತಿಯರು ಹಳ್ಳಿಹಳ್ಳಿ ತಿರುಗಿದೆವು. ಹೋದ ಕಡೆಯೆಲ್ಲ ಶೇಂಗಾದ ಉಂಡಿ, ಎಳ್ಳಿನ ಉಂಡಿ. ಜೋಕಾಲಿ ಆಡುತ್ತಿದ್ದವಳನ್ನು ಇಳಿಸಿಯೇ ನಂಬರ್ ತೆಗೆದುಕೊಂಡಿದ್ದೂ ಉಂಟು.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಜಗಳವಾಡಿದೆ, ಕೂಟ ಮಾಡುವ ಯಾರಿಗೇ ಆದರೂ ಇದನ್ನೇ ಹೇಳುತ್ತೇನೆ. ಎಲ್ಲರೂ ಹತ್ತನೆಯ ತರಗತಿಯ ಪಟ್ಟಿ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಎಂಟನೆಯ ತರಗತಿಯ ದಾಖಲಾತಿ ಪುಸ್ತಕ. ನಡುವಿನ ಎರಡು ವರ್ಷಗಳಲ್ಲಿ ಮಾಯವಾದವರು ಯಾರು? ಮೈನೆರೆದ ಕೂಡಲೇ ಬಿಡಿಸಿದ ಹುಡುಗಿಯರು, ಒಂಬತ್ತರಲ್ಲೇ ಮದುವೆಯಾದವರು, ಮಳೆ ಕೈಕೊಟ್ಟ ವರ್ಷ ತಂದೆತಾಯಿಯೊಂದಿಗೆ ದುಡಿಮೆ ಹುಡುಕಿ ಗುಳೆ ಹೋಗಿ ತಿರುಗಿ ಬಾರದವರು. ಕಾಲುವೆ ನೀರಿನ ಊರುಗಳಿಂದ ಗುಳೆ ಕಡಿಮೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಿಂದ ಬಂದು ನೆಂಟರ ಮನೆಯಲ್ಲಿ ಓದುತ್ತಿದ್ದವರು ಹೀಗೆ ಕಾಣೆಯಾಗುತ್ತಿದ್ದರು. "ಅವರು ನಮ್ಮ ಬ್ಯಾಚ್ ಅಲ್ಲವಲ್ಲ" ಎಂದು ಒಬ್ಬರು ವಾದಿಸಿದರು. ಪರೀಕ್ಷೆ ಪಾಸಾದವರಷ್ಟೇ ಬ್ಯಾಚ್ ಆಗುವುದಾದರೆ ನಪಾಸಾದ ನಿಮ್ಮನ್ನು ಏನೆಂದು ಕರೆಯೋಣ ಎಂದು ಕೇಳಿದ ಮೇಲೆ ಸುಮ್ಮನಾದರು. ಹೀಗೆ ಸಿಕ್ಕವರಲ್ಲಿ ಒಬ್ಬಳು ಈಗ ಅಡುಗೆ ಕೆಲಸ ಮಾಡುವುದು ಸರ್ಕಾರಿ ಶಾಲೆಯಲ್ಲೇ, ಬಿಸಿಯೂಟದ ಸಿಬ್ಬಂದಿ. ಬಂದವಳು ಮೊದಲು ಅಡುಗೆಮನೆಗೇ ನಡೆದಳು, ಕೈ ಹಿಡಿದು ತಂದು ಪಂಕ್ತಿಯಲ್ಲಿ ಕೂರಿಸಬೇಕಾಯಿತು.

ಖರ್ಚಿನ ಬಗ್ಗೆಯೂ ನನ್ನದೊಂದು ಹಟ. ಉಳ್ಳವರೊಬ್ಬರು "ಎಲ್ಲ ನಾನೇ ನೋಡಿಕೊಳ್ಳುತ್ತೇನೆ" ಎಂದು ಮುಂದೆ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಆದರೆ ಅವರ ದುಡ್ಡಿನ ಊಟ ಉಂಡವರು ಮುಂದಿನ ಸಲ ಬರುವುದಿಲ್ಲ. ಎಲ್ಲರಿಗೂ ಕೊಡಲು ಸಾಧ್ಯವಾಗುವಷ್ಟೇ ಸಣ್ಣ ಮೊತ್ತ ಇಟ್ಟು, ಅದರಲ್ಲಿ ಎಷ್ಟಾಗುತ್ತದೋ ಅಷ್ಟೇ ಮಾಡಬೇಕು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಸಾಕಾಗುತ್ತದೆ. ಗುರುವಂದನೆ ಇರಲಿ, ಶಾಲು ಹೊದಿಸಿ, ಹಣ್ಣು ಕೊಟ್ಟು ಕಾಲಿಗೆ ಬಿದ್ದರಾಯಿತು. ಎಂಬತ್ತು ದಾಟಿದ ಗುರುಗಳನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ ಬಿಸಿಲಿನಲ್ಲಿ ಮೆರವಣಿಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆತರುವುದೂ ಬೇಡ ಎನ್ನುತ್ತೇನೆ, ಇದಕ್ಕೆ ಬೈಸಿಕೊಂಡಿದ್ದೇನೆ. ಗಂಡ ಪಕ್ಕದಲ್ಲಿದ್ದರೆ ಅವಳು ಅವನ ತಟ್ಟೆ ನೋಡುತ್ತಾ ಕುಳಿತುಬಿಡುತ್ತಾಳೆ. ಯಾರಾದರೂ ಕರೆತರದೆ ಬರಲಾಗದವರಿಗೆ ಮಗನ ಬೈಕ್ ಇದೆ. ಹುಡುಗರು ತಾಯಂದಿರನ್ನು ಗೇಟಿನ ಬಳಿ ಇಳಿಸಿ, ಹೊರಗೆ ಮೊಬೈಲ್ ನೋಡುತ್ತಾ ಕುಳಿತಿದ್ದರು. ಅವರಿಗೂ ಹುಗ್ಗಿ ಹೋಯಿತು.

ಒಂದು ದಿನದ ಸಂಭ್ರಮ, ಆಮೇಲೆ ಏನು ಉಳಿಯುತ್ತದೆ ಎಂದೂ ಕೆಲವರು ಕೇಳುತ್ತಾರೆ. ಗ್ರೂಪಿನಲ್ಲಿ ಬಹುಪಾಲು ಉಳಿಯುವುದು ಶುಭೋದಯದ ಹೂವಿನ ಚಿತ್ರಗಳು, ಸುಳ್ಳು ಹೇಳುವುದಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ಬೇರೆಯಾಗಿತ್ತು. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ನಾಟಿಯ ಕಾಲ, ತುಂಬಿದ ಜಲಾಶಯ. ಅಂದು ಗ್ರೂಪಿನಲ್ಲಿ ಯಾರೂ ಮಲಗಲಿಲ್ಲ. ನದಿ ದಂಡೆಯ ಊರುಗಳಲ್ಲಿ ತವರಿರುವವರಿಗೆ ಫೋನುಗಳು ಹೋದವು. ಹೋದ ನೀರಿನ ಲೆಕ್ಕ ಹಾಕುವವರು ಹಾಕಿದರು. ಎರಡನೆಯ ಬೆಳೆಯ ಗತಿಯೇನು ಎಂದು ಸಿಂಧನೂರಿನಾಚೆ, ಕಾಲುವೆಯ ಕೊನೆ ಭಾಗದಲ್ಲಿ ಗದ್ದೆ ಇರುವವಳು ಕೇಳಿದಾಗ, ಕಾಲುವೆ ನೀರು ಮೊದಲು ಸಿಗುವ ಮೇಲ್ಭಾಗದ ರೈತರಿಬ್ಬರು ಮೊದಲ ಸಲ ನಾಚಿಕೊಂಡು ಉತ್ತರಿಸಿದರು. ಮಾಮೂಲಾಗಿ ಮೇಲಿನವರಿಗೂ ಕೊನೆ ಭಾಗದವರಿಗೂ ನೀರಿನ ವಿಷಯದಲ್ಲಿ ಮಾತು ಬೆಳೆದರೆ ಬೈಗುಳಕ್ಕೇ ನಿಲ್ಲುವುದು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ಗೇಟು ಕೂರಿಸಿದರು. ಗ್ರೂಪಿಗೆ ಮತ್ತೆ ಹೂವಿನ ಚಿತ್ರಗಳು ಬಂದವು.

ಮುಂದಿನ ಕೂಟದ ದಿನಾಂಕ ಇನ್ನೂ ಗೊತ್ತಾಗಿಲ್ಲ. ಮೊದಲನೆಯದನ್ನು ಭತ್ತದ ಕೊಯ್ಲು ಮುಗಿದ ಮೇಲೆ, ಡಿಸೆಂಬರಿನಲ್ಲಿ, ಗದ್ದೆಯವರ ಅನುಕೂಲಕ್ಕೆ ಇಟ್ಟಿದ್ದೆವು. ದೂರದ ಊರುಗಳಿಗೆ ಕೊಟ್ಟ ಎಷ್ಟೋ ಹೆಣ್ಣುಮಕ್ಕಳಿಗೆ ಆಗ ಬರಲಾಗಲಿಲ್ಲ. ಈ ಸಲ ಪಂಚಮಿಯ ಮಾರನೆಯ ದಿನವೇ ಆಗಬೇಕೆಂದು ನಾವು ಹೆಂಗಸರೆಲ್ಲ ಕೂಡಿ ಗ್ರೂಪಿನಲ್ಲಿ ಹಾಕಿದ್ದೇವೆ. ನಾಟಿ ಬಿಟ್ಟು ಹೇಗೆ ಬರುವುದು, ನೀರಾವರಿ ಸಲಹಾ ಸಮಿತಿಯ ಸಭೆಯಾಗಿ ಕಾಲುವೆಗೆ ನೀರು ಬಿಡುವ ದಿನ ತಿಳಿಯಲಿ ಎಂದು ಗಂಡಸರು ತಳ್ಳುತ್ತಿದ್ದಾರೆ. ಮೂರು ವರ್ಷ ಎಸ್ ಸರ್ ಎಂದವಳೇ ನಿನ್ನೆ ಅದಕ್ಕೆ ಉತ್ತರ ಬರೆದಿದ್ದಾಳೆ: "ಕೆಸರು ಕಾಲಿನಲ್ಲೇ ಬನ್ನಿ. ಉಂಡಿ ನಾವು ತರುತ್ತೇವೆ."