ಸಂಕ್ರಾಂತಿ ಕಾರ್ಡಿನಲ್ಲಿ ಕಳೆದುಹೋದ ರ ಒತ್ತು

ಹೋದ ವರ್ಷ ಸಂಕ್ರಾಂತಿಗೆ ಮನೆಯಲ್ಲೇ ಕಾರ್ಡ್ ಮಾಡಿ ನೆಂಟರಿಗೆಲ್ಲ ಕಳಿಸಿದ್ದೆ. ತಲುಪಿದ ದಿನವೇ ದೊಡ್ಡಮ್ಮ ಫೋನ್ ಮಾಡಿದರು. ಫೋಟೋ ಚೆನ್ನಾಗಿದೆ ಅಂದರು, ಆಮೇಲೆ ಮೆಲ್ಲಗೆ, "‘ಕ’ಕ್ಕೆ ರ ಒತ್ತು ಎಲ್ಲಿ ಹೋಯ್ತೋ?" ಅಂತ ಕೇಳಿದರು. 30 ವರ್ಷ ಕನ್ನಡ ಪಾಠ ಮಾಡಿದವರು ಅವರು. ತೆಗೆದು ನೋಡಿದರೆ ‘ಸಂಕ್‌ರಾಂತಿ’ ಅಂತ ಅಚ್ಚಾಗಿದೆ. ಹಬ್ಬದ ಹೆಸರೇ ತಪ್ಪು! ತುಂಬಾ ಬೇಜಾರಾಯಿತು.

ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ ಪದ್ಧತಿಯಲ್ಲಿ ‘ಕ್ರ’ ಅಂದರೆ ಕ, ಹಲಂತ (್), ರ ಅಂತ ಮೂರು ಬೇರೆ ಬೇರೆ ಸಂಕೇತಗಳು, ಅವನ್ನು ಸೇರಿಸಿ ಒತ್ತಾಗಿ ತೋರಿಸುವುದು ಸಾಫ್ಟ್‌ವೇರ್ ಕೆಲಸ. ನಾನು ಬಳಸಿದ ಹಳೇ ಫೋಟೋಶಾಪ್‌ನಲ್ಲಿ ಅದಕ್ಕೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿಕೊಳ್ಳಬೇಕಿತ್ತು. ನಾನು ಆರಿಸಿರಲಿಲ್ಲ. ಗಿಂಪ್ ಅನ್ನೋ ಇನ್ನೊಂದು ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಈ ತಂಟೆಯೇ ಇಲ್ಲ, ಸುಮ್ನೆ ಟೈಪ್ ಮಾಡಿದರೆ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ, ದುಡ್ಡೂ ಕೊಡಬೇಕಿಲ್ಲ. ಹಾಗಾಗಿ ಈ ಸಲ ಅದರಲ್ಲೇ ಮಾಡಿದೆ. ಮೇಲಿನ ಸಾಲಿಗೆ ನವಿಲು ಫಾಂಟ್, ಒಳಗಿನ ಮಾತಿಗೆ ಗುಬ್ಬಿ. ಎರಡೂ ಉಚಿತ ಯೂನಿಕೋಡ್ ಫಾಂಟ್‌ಗಳು. ದೊಡ್ಡಮ್ಮನಿಗೆ ಕಣ್ಣು ಮಂಜು, ಅದಕ್ಕೇ ಅಕ್ಷರ ಸ್ವಲ್ಪ ಜಾಸ್ತಿ ದೊಡ್ಡದಿಟ್ಟೆ.

ಫೋಟೋ ಸಕ್ಕರೆ ಅಚ್ಚಿನದು. ಅಮ್ಮ ಹಾಕಿದ ಗಿಣಿ, ಬಾಳೆಗೊನೆ, ತುಳಸಿಕಟ್ಟೆ ಅಚ್ಚುಗಳನ್ನು ಹಳೇ ಮಣೆಯ ಮೇಲಿಟ್ಟು, ಸುತ್ತ ಒಂದಿಷ್ಟು ಎಳ್ಳು ಬೆಲ್ಲ ಚೆಲ್ಲಿ, ಬೆಳಗ್ಗೆ ಕಿಟಕಿ ಪಕ್ಕ ತೆಗೆದೆ. ಬಿಳಿ ವಸ್ತುವಿನ ಫೋಟೋ ಕಷ್ಟ. ಬೆಳಕು ಒಂಚೂರು ಜಾಸ್ತಿಯಾದರೂ ಗಿಣಿಯ ರೆಕ್ಕೆಯ ಗೆರೆಗಳು ಅಳಿಸಿಹೋಗುತ್ತವೆ. ಅದಕ್ಕೆ ಸ್ವಲ್ಪ ಮಂಕಾಗಿಯೇ ತೆಗೆದು, ಆಮೇಲೆ ಗಿಂಪ್‌ನಲ್ಲಿ ಬೆಳಕು ತಿದ್ದುವ ‘ಕರ್ವ್ಸ್’ ಗೆರೆಯ ನಡುವಿನ ಭಾಗವನ್ನಷ್ಟೇ ಮೇಲಕ್ಕೆಳೆದೆ. ರೆಕ್ಕೆಯ ಒಂದೊಂದು ಗೆರೆಯೂ ಎದ್ದು ಬಂತು ನೋಡಿ, ಅಷ್ಟು ಖುಷಿಯಾಯಿತು! ಇನ್ನೊಂದು ಮಾತು, ವಾಟ್ಸಾಪ್‌ನಲ್ಲಿ ಬಂದ ಫೋಟೋ ಪ್ರಿಂಟಿಗೆ ಬಳಸಬೇಡಿ, ಅದು ಸಾಮಾನ್ಯವಾಗಿ ಕುಗ್ಗಿ ಬಂದಿರುತ್ತದೆ.

ಅಳತೆ ಸುಲಭ. ಎ4 ಹಾಳೆ 297×210 ಮಿಲಿಮೀಟರ್, 300 ಡಿಪಿಐಗೆ (ಅಂದರೆ ಇಂಚಿಗೆ 300 ಚುಕ್ಕೆ) 3508×2480 ಪಿಕ್ಸೆಲ್. ಅಡ್ಡ ಇಟ್ಟು ನಡುವೆ ಮಡಿಸಿದರೆ ಬಲಗಡೆಯದು ಮುಖಪುಟ, ಎಡಗಡೆಯದು ಹಿಂಬದಿ. ಎರಡೂ ಬದಿ ಪ್ರಿಂಟ್ ಮಾಡುವಾಗ ‘ಶಾರ್ಟ್ ಎಡ್ಜ್’ ಕಡೆ ತಿರುಗಿಸುವ ಆಯ್ಕೆ ಕೊಡಿ, ಇಲ್ಲದಿದ್ದರೆ ಒಳಗಿನ ಬರಹ ತಲೆಕೆಳಗಾಗುತ್ತದೆ. ಮೊದಲು ಮಾಮೂಲಿ ಹಾಳೆಯಲ್ಲಿ ಒಂದು ತೆಗೆದು ನೋಡಿ, ಆಮೇಲೆ ದಪ್ಪ ಹಾಳೆ ಹಾಕಿ. ಪರದೆ ಮೇಲೆ ಮಿಂಚುವ ಕಬ್ಬಿನ ಗರಿಯ ಹಸಿರು ಕಾಗದದ ಮೇಲೆ ಮಂಕಾಗುವುದೂ ಆಗಲೇ ಗೊತ್ತಾಗುತ್ತದೆ.

ದಪ್ಪ ಹಾಳೆಯನ್ನು ಹಾಗೇ ಮಡಿಸಿದರೆ ಅಂಚು ಬಿರಿಯುತ್ತದೆ ಅಲ್ವಾ, ಅದಕ್ಕೆ ಇಂಕು ಮುಗಿದ ಬಾಲ್‌ಪೆನ್ನಿಂದ ಸ್ಕೇಲ್ ಇಟ್ಟು ಒಂದು ಗೆರೆ ಒತ್ತಿ ಎಳೆದು ಆಮೇಲೆ ಮಡಿಸುತ್ತೇನೆ. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ) ಎ4 ಹಾಳೆ ಒಂದೇ ಸುಮಾರು 15.6 ಗ್ರಾಂ ತೂಗುತ್ತದೆ, ಲಕೋಟೆ ಸೇರಿದರೆ 20 ಗ್ರಾಂ ದಾಟಬಹುದು, ಅಂಚೆ ದರ ತೂಕದ ಮೇಲೆ ಇರೋದರಿಂದ ಸ್ಟಾಂಪ್ ಹಚ್ಚುವ ಮೊದಲು ತೂಗಿಸಿ.

ಈ ಸಲ ಮೊದಲ ಕಾರ್ಡ್ ದೊಡ್ಡಮ್ಮನಿಗೇ ಹೋಯಿತು. ನಾಲ್ಕನೇ ದಿನ ಫೋನ್ ಬಂತು. "ಒತ್ತು ಬಂದಿದೆ ಕಣೋ, ಕನ್ನಡಕ ಇಲ್ದೇನೇ ಓದಿದೆ."